ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ: ಬಸ್ಸು, ರೈಲು ಹಿಡಿದು ಶಿವಗಂಗೆಗೆ ಒಂದು ದಿನ

ಕಾರಿದ್ದವರು ಬೆಟ್ಟದ ನೆತ್ತಿ ನೋಡಿ ದಿನದ ಲೆಕ್ಕ ಹಾಕುತ್ತಾರೆ. ಬಸ್ಸಿನಲ್ಲಿ ಹೋಗುವವರು ವಾಪಸ್ ಬರುವ ಬಸ್ಸಿನಿಂದ ಶುರು ಮಾಡಬೇಕು. ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಊಟ, ಎಷ್ಟು ಗಂಟೆಗೆ ಹತ್ತುವುದನ್ನು ನಿಲ್ಲಿಸಬೇಕು ಎಂಬುದೆಲ್ಲ ಸಂಜೆಯ ಆ ಒಂದು ಬಸ್ಸಿನ ಮೇಲೆ ನಿಂತಿದೆ. ಬೆಂಗಳೂರಿನ ಸುತ್ತಲಿನ ಬೆಟ್ಟಗಳಲ್ಲಿ ಗುಂಪುಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹತ್ತುವಾಗಲ್ಲ. ನೆತ್ತಿಯಲ್ಲಿ ಫೋಟೊ ತೆಗೆಯುತ್ತ ಕೂತು, ಕತ್ತಲಲ್ಲಿ ಬುಡಕ್ಕೆ ಇಳಿದು, ಆಟೊ ಇಲ್ಲದ ರಸ್ತೆಯಲ್ಲಿ ನಿಂತಾಗ.

ಇಲ್ಲಿ ಮಾದರಿಗೆ ಶಿವಗಂಗೆಯನ್ನು ಇಟ್ಟುಕೊಂಡಿದ್ದೇವೆ. ನೆಲಮಂಗಲ ತಾಲ್ಲೂಕು, ತುಮಕೂರು ರಸ್ತೆಯ ದಾಬಸ್‌ಪೇಟೆಯಿಂದ ಆರೇಳು ಕಿಲೋಮೀಟರ್ ಒಳಗೆ. ಬಸ್ಸಿದೆ, ರೈಲಿದೆ, ದಾರಿ ತಪ್ಪುವ ಭಯವಿಲ್ಲ, ಮೆಟ್ಟಿಲಿದೆ, ಕಡಿದಾದ ಕಡೆ ಕಂಬಿಯಿದೆ. ಹಾಗಂತ ಸಸಾರವಲ್ಲ. ಮೇಲಿನ ಅರ್ಧ ನಿಜವಾದ ಏರು. ಮೊದಲ ಸಲ ಗುಂಪು ಕಟ್ಟಿಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಬೆಟ್ಟ ಸಿಗುವುದು ಕಷ್ಟ.

ಎಷ್ಟು ಜನ, ಯಾವ ದಿನ

ಆರು ಜನ ಸರಿಯಾದ ಸಂಖ್ಯೆ. ಎರಡು ಆಟೊ ತುಂಬುತ್ತದೆ, ಬಸ್ಸಿನಲ್ಲಿ ಹತ್ತಿರ ಹತ್ತಿರ ಸೀಟು ಸಿಗುತ್ತದೆ, ಒಬ್ಬರ ಕಾಲು ಉಳುಕಿದರೆ ಅವರ ಜೊತೆ ಇಬ್ಬರು ನಿಂತು, ಇನ್ನಿಬ್ಬರು ಕೆಳಗೆ ಹೋಗಿ ಸಹಾಯ ಕರೆಯಬಹುದು. ನಾಲ್ಕಕ್ಕಿಂತ ಕಡಿಮೆಯಾದರೆ ಆ ಅನುಕೂಲ ಹೋಗುತ್ತದೆ. ಎಂಟು ದಾಟಿದರೆ ಗುಂಪು ತಾನಾಗಿಯೇ ಎರಡಾಗಿ ಒಡೆಯುತ್ತದೆ, ಮುಂದಿನವರು ಮೇಲೆ ಕಾಯುತ್ತ ಬೇಸರಪಡುತ್ತಾರೆ, ಹಿಂದಿನವರು ಓಡಿ ಸುಸ್ತಾಗುತ್ತಾರೆ.

ದಿನದ ವಿಚಾರಕ್ಕೆ ಬಂದರೆ ಶನಿವಾರ ಭಾನುವಾರಕ್ಕಿಂತ ಎಷ್ಟೋ ವಾಸಿ. ಇದಕ್ಕೆ ಮೂರು ಕಾರಣ. ಭಾನುವಾರ ನಮ್ಮ ಮೆಟ್ರೊ ಸಾಮಾನ್ಯವಾಗಿ ಬೆಳಗ್ಗೆ 7ಕ್ಕೆ ಶುರು, ಉಳಿದ ದಿನ 5ರ ಹೊತ್ತಿಗೇ. ಬನಶಂಕರಿಯಿಂದಲೋ ವೈಟ್‌ಫೀಲ್ಡಿನಿಂದಲೋ ಬರುವವರು ಇದನ್ನು ಮರೆತರೆ ಇಡೀ ಗುಂಪು ಮೆಜೆಸ್ಟಿಕ್‌ನಲ್ಲಿ ಕಾಯಬೇಕು. ಭಾನುವಾರ ಸಂಜೆ ತುಮಕೂರು ಕಡೆಯಿಂದ ಬೆಂಗಳೂರಿಗೆ ಬರುವ ಬಸ್ಸುಗಳು ಊರಿಗೆ ಹೋದವರಿಂದ ತುಂಬಿ ಬರುತ್ತವೆ, ನಡುವಿನ ಸ್ಟಾಪಿನಲ್ಲಿ ನಿಂತವರಿಗೆ ಕಾಲಿಡಲು ಜಾಗವಿರುವುದಿಲ್ಲ. ಮೂರನೆಯದು ಬೆಟ್ಟದ ಮೇಲಿನ ಜನಜಂಗುಳಿ. ಕಂಬಿ ಹಿಡಿದು ಒಬ್ಬೊಬ್ಬರೇ ಹೋಗುವ ಕಡೆ ಸಾಲು ನಿಂತರೆ ಅರ್ಧ ಗಂಟೆ ಹಾಗೆಯೇ ಹೋಯಿತು.

ಕಾರ್ತಿಕ ಸೋಮವಾರ, ಶಿವರಾತ್ರಿ, ಸಂಕ್ರಾಂತಿ ಬಿಡಿ. ಸಂಕ್ರಾಂತಿಗೆ ಇಲ್ಲಿ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕಲ್ಯಾಣೋತ್ಸವ. ಅದನ್ನು ನೋಡಲೆಂದೇ ಹೋಗುವುದು ಬೇರೆ ವಿಷಯ, ಚಾರಣಕ್ಕೆ ಆ ದಿನ ತಕ್ಕದ್ದಲ್ಲ. ತಿಂಗಳುಗಳಲ್ಲಿ ನವೆಂಬರ್‌ನಿಂದ ಫೆಬ್ರುವರಿ ಮೊದಲ ವಾರಗಳವರೆಗೆ ಒಳ್ಳೆಯದು. ಮಾರ್ಚ್‌ನಿಂದ ಮೇ ತನಕ ಹೋಗಲೇಬೇಕೆಂದರೆ ಕೆಳಗೆ ಹೇಳುವ ಎಲ್ಲ ಸಮಯವನ್ನೂ ಎರಡು ಗಂಟೆ ಮುಂಚೆಗೆ ಸರಿಸಿ. ಬಂಡೆ ಕಾದರೆ ಬರಿಗಾಲಲ್ಲಿ ದೇವಸ್ಥಾನದ ಅಂಗಳ ದಾಟುವುದೇ ಒಂದು ಸಾಹಸ.

ಗಡಿಯಾರ ಹಿಂದಕ್ಕೆ ತಿರುಗಿಸುವುದು

ಡಿಸೆಂಬರ್ ನಡುವಿನ ಒಂದು ಶನಿವಾರ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಆಗ ಸೂರ್ಯ ಮುಳುಗುವುದು 6ಕ್ಕೆ ಸ್ವಲ್ಪ ಮುಂಚೆ. ಜೂನ್‌ನಲ್ಲಾದರೆ ಮುಕ್ಕಾಲು ಗಂಟೆ ಹೆಚ್ಚು ಬೆಳಕು, ಆದರೆ ಮಳೆಮೋಡ ಅದನ್ನು ತಿಂದುಹಾಕುತ್ತದೆ.

ದಾಬಸ್‌ಪೇಟೆಯಲ್ಲಿ ಬೆಂಗಳೂರಿನ ಬಸ್ಸಿಗೆ ನಿಲ್ಲಬೇಕಾದದ್ದು ಸಂಜೆ 5ಕ್ಕೆ. ಕೊನೆಯ ಬಸ್ಸು ಆಗಲ್ಲ, ನಿಜ. ಆದರೆ ಒಂದೆರಡು ಬಸ್ಸು ನಿಲ್ಲಿಸದೆ ಹೋದರೂ ಬೆಳಕಿರುವಾಗಲೇ ಮೂರನೆಯದು ಸಿಗಲಿ ಎಂದು ಈ ಗಳಿಗೆ. ಆಟೊದಲ್ಲಿ ಬೆಟ್ಟದ ಬುಡದಿಂದ ಪೇಟೆಗೆ 20ರಿಂದ 25 ನಿಮಿಷ. ಆದ್ದರಿಂದ 4:30ಕ್ಕೆ ಆಟೊ ಹತ್ತಬೇಕು. ಅದಕ್ಕೆ ಮುಂಚೆ ಟೀ, ಕೈಕಾಲು ತೊಳೆಯುವುದು, ತಲೆ ಎಣಿಕೆಗೆ ಅರ್ಧ ಗಂಟೆ, ಅಂದರೆ 4ಕ್ಕೆ ಬುಡದಲ್ಲಿ. ಗುಂಪು ಇಳಿಯಲು ಒಂದೂಮುಕ್ಕಾಲು ಗಂಟೆ: 2:15ಕ್ಕೆ ನೆತ್ತಿ ಬಿಡಬೇಕು. ಮಂಡಿನೋವಿಗೋ ಸಾಲಿಗೋ ಅರ್ಧ ಗಂಟೆ ತೆಗೆದಿಡಿ: 1:45. ಇದೇ ನಿಮ್ಮ ತಿರುಗುವ ಗಳಿಗೆ. 1:45ಕ್ಕೆ ಎಲ್ಲಿದ್ದೀರೋ ಅಲ್ಲಿಂದ ಇಳಿಯಬೇಕು, ನೆತ್ತಿ ಇನ್ನು ಐವತ್ತು ಮೆಟ್ಟಿಲಿದ್ದರೂ ಸರಿ. ಮನೆಯಿಂದ ಹೊರಡುವ ಮುಂಚೆಯೇ ಎಲ್ಲರಿಗೂ ಇದನ್ನು ಹೇಳಿ ಒಪ್ಪಿಸಿರಿ. ಮೇಲೆ ಹೋದ ಮೇಲೆ ಈ ಚರ್ಚೆ ಶುರುವಾದರೆ ಇಳಿಯುವ ಕಡೆಯವರು ಎಂದೂ ಗೆಲ್ಲುವುದಿಲ್ಲ.

ಇನ್ನು ಮೇಲಿನಿಂದ ಹಿಂದಕ್ಕೆ. ನೆತ್ತಿಯಲ್ಲಿ ಊಟ, ವಿಶ್ರಾಂತಿಗೆ 45 ನಿಮಿಷ: 1ಕ್ಕೆ ತಲುಪಿರಬೇಕು. ಹತ್ತಲು ಎರಡೂವರೆ ಗಂಟೆ, ದಾರಿಯ ಗುಡಿಗಳಿಗೆ ಅರ್ಧ ಗಂಟೆ: 10ಕ್ಕೆ ಮೊದಲ ಮೆಟ್ಟಿಲು. ದಾಬಸ್‌ಪೇಟೆಗೆ 9:15. ಮೆಜೆಸ್ಟಿಕ್‌ನಲ್ಲಿ 7:30ರ ಬಸ್ಸು, ಅದಕ್ಕೆ 7ಕ್ಕೆ ಸೇರುವುದು. 7:15ಕ್ಕೆ ಬಂದವರಿಗೂ ಬಸ್ಸು ಸಿಗಲಿ ಎಂದು ಅರ್ಧ ಗಂಟೆ ಇಟ್ಟಿದ್ದೇವೆ. ಬೆಂಗಳೂರಿಗರಿಗೆ ಇಷ್ಟಾದರೂ ಬೇಕು.

ಬೇರೆ ಬೆಟ್ಟಕ್ಕೆ ಸಮಯ ಕಟ್ಟಬೇಕಾದರೆ ಒಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಹೇಳಿದ್ದು: ಪ್ರತಿ 5 ಕಿ.ಮೀ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅದು ತಂಪು ದೇಶದ ಗಟ್ಟಿ ಕಾಲುಗಳ ಲೆಕ್ಕ. ನಮ್ಮ ಬಿಸಿಲು, ಬೋಳು ಬಂಡೆ, ವಾರವಿಡೀ ಕುರ್ಚಿಯಲ್ಲಿ ಕೂತ ಮೈ ಇವೆಲ್ಲ ಸೇರಿದರೆ ಬಂದ ಉತ್ತರವನ್ನು ದುಪ್ಪಟ್ಟು ಮಾಡಿ. 6 ಕಿ.ಮೀ ದಾರಿ, 300 ಮೀಟರ್ ಏರಿಕೆ ಎಂದರೆ ಸೂತ್ರದಲ್ಲಿ 1 ಗಂಟೆ 42 ನಿಮಿಷ. ನಿಮ್ಮ ಗುಂಪಿಗೆ ಹೆಚ್ಚುಕಡಿಮೆ ಮೂರೂವರೆ ಗಂಟೆ.

ಹೋಗುವುದು

ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಿಂದ ತುಮಕೂರು ಕಡೆಗೆ ಕೆಎಸ್‌ಆರ್‌ಟಿಸಿ ಬಸ್ಸುಗಳಿಗೆ ಬರವಿಲ್ಲ. ತೊಂದರೆ ಇರುವುದು ಅವುಗಳಲ್ಲಿ ಯಾವುದು ದಾಬಸ್‌ಪೇಟೆಯಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ನಾನ್‌ಸ್ಟಾಪ್ ಗಾಡಿಗಳು, ದೂರದ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಗಾಡಿಗಳು ಹೆದ್ದಾರಿಯಲ್ಲೇ ಸಾಗಿಬಿಡುತ್ತವೆ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ: "ಸರ್, ದಾಬಸ್‌ಪೇಟೆ ಸ್ಟಾಪ್ ಕೊಡ್ತೀರಾ? ಆರು ಜನ ಇದೀವಿ." ಆರು ಜನ ಎಂದು ಹೇಳುವುದು ಮುಖ್ಯ. ಒಬ್ಬರನ್ನು ಇಳಿಸಲು ಒಪ್ಪದವರೂ ಆರು ಟಿಕೆಟ್ ಎಂದಾಗ ಒಪ್ಪುವುದುಂಟು. ಊರಿನ ಹೆಸರನ್ನು ಹಲವು ಬಗೆಯಲ್ಲಿ ಬರೆದಿರುತ್ತಾರೆ: ದಾಬಸ್‌ಪೇಟೆ, ಡಾಬಸ್‌ಪೇಟೆ, ದೊಬ್ಬಸ್‌ಪೇಟೆ. ಬ್ರಿಟಿಷರ ಕಾಲದ ಅಧಿಕಾರಿ ಡಾಬ್ಸ್ ಎಂಬವರಿಂದ ಬಂದದ್ದು, ರಾಮನಗರಕ್ಕೆ ಕ್ಲೋಸ್ ದೊರೆಯಿಂದ ಕ್ಲೋಸ್‌ಪೇಟೆ ಎಂಬ ಹೆಸರು ಬಂದಿದ್ದ ಹಾಗೆ. ರಾಮನಗರ ಆ ಹೆಸರನ್ನು ಬಿಟ್ಟಿತು, ಇದು ಬಿಡಲಿಲ್ಲ.

ಎಲ್ಲರೂ ಮೆಜೆಸ್ಟಿಕ್‌ಗೇ ಬರಬೇಕಿಲ್ಲ. ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ಕಡೆಯವರು ಅಲ್ಲಲ್ಲೇ ಹತ್ತಬಹುದು ಅನ್ನಿಸುತ್ತದೆ. ಅಲ್ಲಿ ಒಂದು ಮೋಸವಿದೆ. ಕೆಲವು ಬಸ್ಸುಗಳು ಪೀಣ್ಯದ ಮೇಲ್ಸೇತುವೆ ಹತ್ತಿದರೆ ನಾಗಸಂದ್ರ ದಾಟುವ ತನಕ ಕೆಳಗಿಳಿಯುವುದಿಲ್ಲ. ಆದ್ದರಿಂದ ಜಾಗ ಒಂದೇ ಇರಲಿ. ಒಂದೋ ಮೆಜೆಸ್ಟಿಕ್; ಇಲ್ಲವೇ ಮೆಟ್ರೊದ ಹಸಿರು ಮಾರ್ಗದ ಕೊನೆ ಮಾದಾವರ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರಕ್ಕೆ ಮೆಟ್ರೊ ಓಡಲು ಶುರುವಾದ ಮೇಲೆ ಪೀಣ್ಯದ ಟ್ರಾಫಿಕ್ಕನ್ನು ಮೇಲಿನಿಂದಲೇ ದಾಟಿ ಬರಬಹುದು. ಅಲ್ಲಿಂದ ನೆಲಮಂಗಲಕ್ಕೆ ಬಿಎಂಟಿಸಿ, ನೆಲಮಂಗಲದಿಂದ ಮುಂದಕ್ಕೆ ತುಮಕೂರಿನ ಸಾದಾ ಬಸ್ಸು. ಒಂದು ಬದಲಾವಣೆ ಹೆಚ್ಚು, ಆದರೆ ನೆಲಮಂಗಲದಿಂದ ಹೊರಡುವ ಸಾದಾ ಬಸ್ಸು ದಾಬಸ್‌ಪೇಟೆಯಲ್ಲಿ ನಿಲ್ಲುವ ಸಂಭವ ಹೆಚ್ಚು.

ಗುಂಪಿನ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಸಾದಾ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, 2023ರ ಜೂನ್ 11ರಿಂದ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಒಬ್ಬೊಬ್ಬರ ಕೈಯಲ್ಲೂ ಇರಬೇಕು. ಶೂನ್ಯ ಟಿಕೆಟನ್ನು ಇಳಿಯುವ ತನಕ ಇಟ್ಟುಕೊಳ್ಳಬೇಕು, ತಪಾಸಣೆಯವರು ಬಂದರೆ ಅದನ್ನೇ ಕೇಳುತ್ತಾರೆ. ಬೇರೆ ರಾಜ್ಯದ ವಿಳಾಸದ ಆಧಾರ್ ಇದ್ದರೆ ದುಡ್ಡು ಕೊಡಬೇಕು. ರಾಜಹಂಸ, ಐರಾವತಗಳಿಗೆ ಯೋಜನೆ ಅನ್ವಯಿಸುವುದಿಲ್ಲ. ಗಂಡಸರ ಟಿಕೆಟ್ಟನ್ನು ಒಬ್ಬರೇ ಕೊಳ್ಳಲಿ, ಹತ್ತು, ಇಪ್ಪತ್ತರ ನೋಟುಗಳಿರಲಿ.

ರೈಲು ಇನ್ನೊಂದು ದಾರಿ. ಬೆಂಗಳೂರು–ತುಮಕೂರು ನಡುವಿನ ಪ್ಯಾಸೆಂಜರ್, ಮೆಮು ಗಾಡಿಗಳು ದಾಬಸ್‌ಪೇಟೆಯಲ್ಲೂ ಅದಕ್ಕೆ ಮುಂಚೆ ಸಿಗುವ ನಿಡವಂದದಲ್ಲೂ ನಿಲ್ಲುತ್ತವೆ. ಎಕ್ಸ್‌ಪ್ರೆಸ್ ಗಾಡಿ ನಿಲ್ಲುವುದಿಲ್ಲ ಎಂದೇ ತಿಳಿದು ಹೊರಡಿ. ನಿಡವಂದ ಚಿಕ್ಕ ನಿಲ್ದಾಣ, ಆಟೊ ಕಾದು ನಿಂತಿರುವುದಿಲ್ಲ. ನಡೆಯುವ ಹುರುಪಿದ್ದವರು ಮಾತ್ರ ಅಲ್ಲಿ ಇಳಿಯಲಿ. ಮೊಬೈಲಿನಲ್ಲಿ ಕಾಯ್ದಿರಿಸದ ಟಿಕೆಟ್ ತೆಗೆಯುವವರು ಪ್ಲಾಟ್‌ಫಾರ್ಮಿಗೆ ಕಾಲಿಡುವ ಮುಂಚೆಯೇ ತೆಗೆಯಬೇಕು, ನಿಲ್ದಾಣದ ಒಳಗೆ ನಿಂತರೆ ಆ್ಯಪ್ ಕೊಡುವುದಿಲ್ಲ. ಕೌಂಟರಿನ ಟಿಕೆಟ್ ಆದರೆ ಕೊಂಡ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಹಾಗಾಗಿ ಸಂಜೆಯ ಟಿಕೆಟ್ ಬೆಳಗ್ಗೆಯೇ ಕೊಂಡಿಡುವ ಉಪಾಯ ನಡೆಯದು. ಹೋಗುವಾಗ ಬಸ್ಸು, ಬರುವಾಗ ರೈಲು ಸಿಕ್ಕರೆ ರೈಲು, ಇಲ್ಲವಾದರೆ ಬಸ್ಸು ಎಂದು ಇಟ್ಟುಕೊಳ್ಳುವುದು ಜಾಣತನ. ಸಂಜೆಯ ಗಾಡಿ ಎಷ್ಟು ತಡವಿದೆ ಎಂದು ನೆತ್ತಿಯಿಂದಲೇ ಮೊಬೈಲಿನಲ್ಲಿ ನೋಡಿಕೊಳ್ಳಿ.

ದಾಬಸ್‌ಪೇಟೆಯಲ್ಲಿ ಇಳಿದ ಕೂಡಲೇ ಆಟೊ ಹತ್ತಬೇಡಿ. ಮೊದಲು ತಿಂಡಿ, ಶೌಚಾಲಯ. ತಿಂಡಿ ತಿನ್ನುವಾಗಲೇ ಹೋಟೆಲಿನವರನ್ನು ಕೇಳಿ: ಬೆಟ್ಟದ ಕಡೆ ಪ್ರೈವೇಟ್ ಬಸ್ಸು ಎಷ್ಟೊತ್ತಿಗೆ, ಸಂಜೆ ಕೊನೆಯದು ಎಷ್ಟೊತ್ತಿಗೆ, ಆಟೊಗೆ ಎಷ್ಟು ತೆಗೆದುಕೊಳ್ಳುತ್ತಾರೆ. ಈ ಮೂರಕ್ಕೂ ಜಾಲತಾಣದಲ್ಲಿ ಸಿಗುವ ಉತ್ತರಕ್ಕಿಂತ ಇಡ್ಲಿ ಬಡಿಸುವವರ ಉತ್ತರ ಹೊಸದಾಗಿರುತ್ತದೆ. ಆಟೊಗೆ ಹೋಗುವಾಗಿನ ದುಡ್ಡು ಮಾತ್ರ ಕೊಡಿ, ಬರುವಾಗಿನದನ್ನು ಮುಂಗಡ ಕೊಡಬೇಡಿ. ನಂಬರ್ ಇಸಿದುಕೊಂಡು, "ಅಣ್ಣ, ನಾಲ್ಕು ಗಂಟೆಗೆ ಫೋನ್ ಮಾಡ್ತೀವಿ, ನಾಲ್ಕೂವರೆಗೆ ಬನ್ನಿ" ಎಂದು ಹೇಳಿಡಿ. ಇಬ್ಬರು ಚಾಲಕರ ನಂಬರ್ ಇರಲಿ, ಒಬ್ಬರ ಫೋನ್ ಎತ್ತದಿದ್ದರೆ ಇನ್ನೊಬ್ಬರದು.

ಬೆನ್ನಿನ ಚೀಲ

ನೀರು ತಲೆಗೆ 3 ಲೀಟರ್. ಬೇಸಿಗೆಯಲ್ಲಿ 4. ಲೀಟರಿಗೆ ಒಂದು ಕೆ.ಜಿ ಭಾರ ಎಂದು ಲೆಕ್ಕ ಹಾಕಿ ಬೆನ್ನು ಒಪ್ಪುತ್ತದೆಯೇ ನೋಡಿಕೊಳ್ಳಿ. ಒಪ್ಪದವರದ್ದನ್ನು ಗಟ್ಟಿಗರು ಹೊರಲಿ. ಶಿವಗಂಗೆಯ ದಾರಿಯಲ್ಲಿ ಮಜ್ಜಿಗೆ, ಸೌತೆಕಾಯಿ, ನಿಂಬೆ ಶರಬತ್ತು ಮಾರುವವರು ಸಿಗುತ್ತಾರೆ, ಆದರೆ ಅವರನ್ನು ನಂಬಿ ನೀರು ಕಡಿಮೆ ಮಾಡಬೇಡಿ. ವಾರದ ನಡುವೆ, ಮಳೆಯ ದಿನ, ಮೇಲಿನ ಅಂಗಡಿಗಳು ತೆರೆದಿರುವುದೇ ಇಲ್ಲ. ಬೆವರಿನಲ್ಲಿ ಹೋದ ಉಪ್ಪಿಗೆ ಬರೀ ನೀರು ಸಾಲದು. ಇಬ್ಬರಿಗೆ ಒಂದರಂತೆ ಓಆರ್‌ಎಸ್ ಪೊಟ್ಟಣ, ಒಂದು ಲೀಟರ್ ನೀರಿಗೆ ಬೆರೆಸುವಂಥದ್ದು. ಪೊಟ್ಟಣ ಮರೆತರೆ ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನಿಂಬೆ ಹಿಂಡಿದರೆ ರುಚಿಗೆ, ಔಷಧಿಗಲ್ಲ.

ಊಟಕ್ಕೆ ಪುಳಿಯೋಗರೆ ಅಥವಾ ಚಿತ್ರಾನ್ನ. ಹುಣಸೆ, ನಿಂಬೆ ಹಾಕಿದ್ದು ಮಧ್ಯಾಹ್ನದ ತನಕ ಕೆಡುವುದಿಲ್ಲ. ಆರು ಜನಕ್ಕೆ ಮುಕ್ಕಾಲು ಕೆ.ಜಿ ಅಕ್ಕಿ ಸಾಕು, ಸ್ವಲ್ಪ ಮಿಗುತ್ತದೆ ಕೂಡ. ಅನ್ನ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ, ಬಿಸಿ ಇರುವಾಗಲೇ ಮುಚ್ಚಿದರೆ ಬೆವೆತು ಹಳಸುತ್ತದೆ. ತೆಂಗಿನಕಾಯಿ ಚಟ್ನಿ, ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತವೆ, ಮನೆಯಲ್ಲೇ ಇರಲಿ. ಚಪಾತಿ ಒಯ್ದರೆ ಚಟ್ನಿಪುಡಿ, ತುಪ್ಪ. ನಡುನಡುವೆ ಬಾಯಾಡಿಸಲು ಹುರಿಗಡಲೆ, ಬೆಲ್ಲ, ಕಡಲೆ ಮಿಠಾಯಿ, ತಲೆಗೊಂದು ಕಿತ್ತಳೆ. ಬಾಳೆಹಣ್ಣು ಒಳ್ಳೆಯದೇ, ಆದರೆ ಶಿವಗಂಗೆಯಲ್ಲಿ ಅದನ್ನು ನೀವು ತಿನ್ನುವ ಖಾತರಿ ಇಲ್ಲ.

ಕಾರಣ ಕೋತಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಸರಸರ ಅಂದರೆ ಸಾಕು, ಅದರೊಳಗೆ ತಿಂಡಿಯಿದೆ ಎಂದು ಇಲ್ಲಿನ ಕೋತಿಗಳು ಕಲಿತುಬಿಟ್ಟಿವೆ. ಒಳಗೆ ಬರೀ ಚಪ್ಪಲಿಯಿದ್ದರೂ ಕಿತ್ತುಕೊಳ್ಳುತ್ತವೆ. ಎಲ್ಲವೂ ಜಿಪ್ ಇರುವ ಬೆನ್ನಿನ ಚೀಲದೊಳಗೆ ಹೋಗಬೇಕು. ಬದಿಯ ಜೇಬಿನಲ್ಲಿ ಬಣ್ಣದ ಜ್ಯೂಸ್ ಬಾಟಲ್ ಬೇಡ. ತಿನ್ನಲು ಬಯಲಿನಲ್ಲಿ ಕೂರದೆ ಬೆನ್ನಿಗೆ ಗೋಡೆಯೋ ಬಂಡೆಯೋ ಇರುವ ಕಡೆ ಕೂತು, ಒಬ್ಬರು ನಿಂತು ಕಾಯಿರಿ. ಕಣ್ಣಿಗೆ ಕಣ್ಣಿಟ್ಟು ನೋಡುವುದು, ಹಲ್ಲು ಕಿರಿದು ನಗುವುದು ಕೋತಿಯ ಭಾಷೆಯಲ್ಲಿ ಜಗಳಕ್ಕೆ ಕರೆದ ಹಾಗೆ. ಚೀಲ ಹಿಡಿದರೆ ಎಳೆದಾಡಬೇಡಿ, ಅದೂ ಮೆಟ್ಟಿಲ ಮೇಲೆ ನಿಂತು. ಬಿಟ್ಟುಬಿಡಿ, ಬಿಚ್ಚಿ ನೋಡಿ ಬಿಸಾಕುತ್ತದೆ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರುಮಾಡಿಸಬೇಕು. ಒಂದು ಚಿಕ್ಕ ಸೋಪು ಚೀಲದಲ್ಲಿರಲಿ.

ಉಳಿದದ್ದು ಗುಂಪಿಗೆ ಒಂದೇ ಸೆಟ್ ಸಾಕು: 10 ಸೆಂ.ಮೀ ಅಗಲದ ಕ್ರೇಪ್ ಬ್ಯಾಂಡೇಜ್, ಬ್ಯಾಂಡ್‌ಏಡ್, ಬೆಟಾಡಿನ್, ಚಿಮಟ, ಪಿನ್ನು, ಪ್ಯಾರಾಸಿಟಮಾಲ್, ಎರಡು ಟಾರ್ಚ್, ಒಂದು ಪವರ್ ಬ್ಯಾಂಕ್, ಒಂದು ಸೀಟಿ. ಅಸ್ತಮಾ, ಸಕ್ಕರೆ ಕಾಯಿಲೆಯವರ ಔಷಧಿ ಅವರವರ ಬಳಿ ಇರಲಿ, ಎಲ್ಲಿದೆ ಎಂದು ಇನ್ನೊಬ್ಬರಿಗೂ ಗೊತ್ತಿರಲಿ. ಶೂ ಹೊಸದಾಗಿರಬಾರದು, ತಳ ಸವೆದಿರಲೂಬಾರದು. ಕಾಲ್ಬೆರಳ ಉಗುರನ್ನು ಹಿಂದಿನ ರಾತ್ರಿ ಕತ್ತರಿಸಿ. ಇಳಿಯುವಾಗ ಬೆರಳು ಶೂವಿನ ಮೂತಿಗೆ ಬಡಿದು ಕಪ್ಪಾಗುವುದು ಇದೊಂದನ್ನು ಮರೆತದ್ದಕ್ಕೆ.

ಹತ್ತುವುದು

ಮೊದಲ ಮೆಟ್ಟಿಲ ಬಳಿ ಇಬ್ಬರಿಗೆ ಕೆಲಸ ಹಂಚಿ. ಒಬ್ಬರು ಮುಂದಾಳು: ಇವರನ್ನು ಯಾರೂ ದಾಟಬಾರದು. ಒಬ್ಬರು ಹಿಂದಾಳು: ಇವರು ಯಾರನ್ನೂ ದಾಟಬಾರದು. ಚುರುಕಾದವರನ್ನು ಹಿಂದೆ ಇಡಿ, ನಿಧಾನದವರನ್ನು ಮುಂದಾಳಿನ ಬೆನ್ನಿಗೇ ಬಿಡಿ. ಹತ್ತು ನಿಮಿಷ ನಡೆದ ಮೇಲೆ ಮಾತಾಡಿಕೊಂಡು ಹತ್ತಲು ಆಗುತ್ತಿದೆಯೇ ನೋಡಿ. ಉಸಿರು ಕಟ್ಟಿ ಮಾತು ನಿಂತರೆ ವೇಗ ಹೆಚ್ಚಾಯಿತು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಿಲ್ಲಿ, ತಲೆ ಎಣಿಸಿ. ಹಿಂದಿನವರು ಬಂದ ಕೂಡಲೇ ಮುಂದಿನವರು ಎದ್ದು ಹೊರಡುವುದು ಗುಂಪುಗಳ ಸಾಮಾನ್ಯ ತಪ್ಪು. ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗದ ಹಾಗಾಗುತ್ತದೆ. ಐದು ನಿಮಿಷ ಎಣಿಸಬೇಕಾದದ್ದು ಕೊನೆಯವರು ಕೂತ ಮೇಲೆ.

ಕೆಳಗಿನ ಭಾಗದಲ್ಲಿ ಗಂಗಾಧರೇಶ್ವರ, ಹೊನ್ನಾದೇವಿ ಗುಡಿಗಳು, ಪಾತಾಳಗಂಗೆ. ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ಮಾತಿಗೇ ಎಷ್ಟೋ ಜನ ಬರುತ್ತಾರೆ. ದರ್ಶನ ಹತ್ತುವಾಗಲೇ ಮುಗಿಸಿ, ಇಳಿದು ಬಂದಾಗ ಬಾಗಿಲು ಹಾಕಿರಬಹುದು. ಮುಂದೆ ಒಳಕಲ್ಲು ತೀರ್ಥ: ಬಂಡೆಯ ಕುಳಿಯೊಳಗೆ ಕೈ ಇಳಿಸಿ ನೀರು ಮುಟ್ಟುವ ಜಾಗ, ಮುಟ್ಟಿದವರು ಪುಣ್ಯವಂತರಂತೆ. ವಾರಾಂತ್ಯದಲ್ಲಿ ಇಲ್ಲೊಂದು ಸಾಲು ಇರುತ್ತದೆ. ಮೇಲೆ ಹೇಳಿದ ಅರ್ಧ ಗಂಟೆಯಲ್ಲಿ ಎಲ್ಲ ಗುಡಿಗಳೂ ಇದೂ ಸೇರಿ ಮುಗಿಯಬೇಕು. ಸಾಲು ಉದ್ದವಿದ್ದರೆ ಪುಣ್ಯವನ್ನು ಇನ್ನೊಮ್ಮೆಗೆ ಇಟ್ಟುಕೊಳ್ಳಿ.

ಇಲ್ಲಿಂದ ಮೇಲೆ ದಾರಿಯ ಗುಣವೇ ಬದಲಾಗುತ್ತದೆ. ಬಂಡೆಯಲ್ಲೇ ಕಡಿದ ಮೆಟ್ಟಿಲು, ಒಂದು ಬದಿಗೆ ಕಬ್ಬಿಣದ ಕಂಬಿ. ಎರಡೂ ಕೈ ಖಾಲಿ ಇರಬೇಕು, ಮೊಬೈಲ್ ಜೇಬಿನಲ್ಲಿ. ಮೈಯನ್ನು ಬಂಡೆಗೆ ಅಂಟಿಸಿಕೊಂಡು ಹತ್ತುವುದು ಹೆದರಿದವರ ಸಹಜ ಗುಣ, ಆದರೆ ಹಾಗೆ ಬಾಗಿದಾಗ ಪಾದದ ಮೇಲಿನ ಭಾರ ಕಡಿಮೆಯಾಗಿ ಶೂ ಜಾರುತ್ತದೆ. ನೆಟ್ಟಗೆ ನಿಂತು ಇಡೀ ಪಾದ ಊರಿ. ಒಣಗಿದ ಬಂಡೆ ಶೂವನ್ನು ಚೆನ್ನಾಗಿ ಹಿಡಿಯುತ್ತದೆ. ನೀರು ಇಳಿದು ಕಪ್ಪಾದ ಪಟ್ಟಿಗಳು ಪಾಚಿ ಕಟ್ಟಿದವು. ಒದ್ದೆಯಿದ್ದಾಗ ಅವುಗಳ ಮೇಲೆ ಕಾಲಿಡಬೇಡಿ. ಕಂಬಿಯ ಹೊರಗೆ ಹೋಗಿ ಫೋಟೊ ತೆಗೆಯುವುದನ್ನು ಮುಂದಾಳು ಮುಲಾಜಿಲ್ಲದೆ ತಡೆಯಬೇಕು.

ಅಂಚಿನ ಬಂಡೆಯ ಮೇಲೆ ಕೂತ ಬಸವಣ್ಣನ ಸುತ್ತ ಜಾಗ ಕಿರಿದು, ಒಬ್ಬೊಬ್ಬರೇ ಸುತ್ತಿ ಬನ್ನಿ. ಎತ್ತರಕ್ಕೆ ತಲೆ ತಿರುಗುವವರು ಇಲ್ಲಿಯೇ ನಿಂತರೂ ನಷ್ಟವಿಲ್ಲ. ಅವರ ಜೊತೆ ಒಬ್ಬರು ಇರಲಿ. ನೆತ್ತಿಯ ಕಡೆಯ ಕಡಿದಾದ ಪ್ರಪಾತಕ್ಕೆ ಶಾಂತಲೆಯ ಹೆಸರು. ಹೊಯ್ಸಳ ವಿಷ್ಣುವರ್ಧನನ ರಾಣಿ 1131ರಲ್ಲಿ ತೀರಿಕೊಂಡದ್ದು ಶಿವಗಂಗೆಯಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಇಲ್ಲಿಂದ ಹಾರಿದಳು ಎಂಬುದು ಜನರ ಕತೆ. ಕತೆಯನ್ನು ಕಂಬಿಯಿಂದ ಈಚೆಗೆ ನಿಂತು ಹೇಳಿಕೊಳ್ಳಬಹುದು.

ಹೆಜ್ಜೇನು, ಗುಡುಗು

ಬಂಡೆಯ ಕಪ್ಪು ಗೋಡೆಗಳಲ್ಲಿ ಅರ್ಧಚಂದ್ರದಂತೆ ನೇತಾಡುವ ಹೆಜ್ಜೇನಿನ ಹಲ್ಲೆ ಕಂಡರೆ ದನಿ ತಗ್ಗಿಸಿ ದಾಟಿ. ಗಾಢ ಸೆಂಟು, ಊದುಬತ್ತಿ, ಸಿಗರೇಟಿನ ಹೊಗೆ, ಡ್ರೋನ್ ಇವು ಅವನ್ನು ಕೆರಳಿಸುತ್ತವೆ. ಎದ್ದರೆ ಮುಖ, ಕತ್ತು ಬಟ್ಟೆಯಿಂದ ಮುಚ್ಚಿಕೊಂಡು ದೂರ ಹೋಗಬೇಕು. ಕೈ ಬೀಸಬಾರದು, ಕೂತು ಕಾಯಬಾರದು. ಮುಳ್ಳನ್ನು ಆದಷ್ಟು ಬೇಗ ತೆಗೆಯಿರಿ. ತುಟಿ ಊದುವುದು, ಉಸಿರಾಟ ಕಷ್ಟವಾಗುವುದು ಕಂಡರೆ ತಡಮಾಡದೆ 108ಕ್ಕೆ ಕರೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ನೆತ್ತಿಯೂ ಬೇಡ, ಕಬ್ಬಿಣದ ಕಂಬಿಯೂ ಬೇಡ. ಒಂಟಿ ಮರದ ಕೆಳಗೆ, ಬಂಡೆಯ ಚಾಚಿನ ಕೆಳಗೆ ನಿಲ್ಲುವುದೂ ಅಪಾಯ. ಇಳಿಯಿರಿ, ಗುಡಿಯ ಕಟ್ಟಡ ಸಿಕ್ಕರೆ ಒಳಗೆ ಹೋಗಿ, ಕೊನೆಯ ಗುಡುಗಾಗಿ 30 ನಿಮಿಷ ಆಗುವ ತನಕ ಹೊರಡಬೇಡಿ. ಈ ಅರ್ಧ ಗಂಟೆಗೂ ಬೆಳಗಿನ ಲೆಕ್ಕದಲ್ಲಿ ಜಾಗ ಇಟ್ಟಿದ್ದರೆ ಗಾಬರಿಯಿಲ್ಲ.

ಇಳಿಯುವುದು

ಶೂವಿನ ದಾರವನ್ನು ಕಣಕಾಲಿನ ಬಳಿ ಬಿಗಿದು ಕಟ್ಟಿ ಶುರುಮಾಡಿ. ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಮಡಿಸಿ. ತೀರ ಕಡಿದಾದ ಮೆಟ್ಟಿಲುಗಳಲ್ಲಿ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿದರೆ ಹೆದರಿಕೆ ಅರ್ಧ ಕಡಿಮೆ. ಮೂರು ಗಂಟೆಯ ನಂತರ ಕಾಲು ನಡುಗತೊಡಗುತ್ತದೆ. ಬೀಳುವವರು ಬೀಳುವುದು ಕಡಿದಾದ ಕಡೆಯಲ್ಲ, ಅದು ಮುಗಿಯಿತು ಎಂದು ಮಾತಿಗೆ ಬಿದ್ದ ಕೆಳಗಿನ ಸಸಾರದ ಮೆಟ್ಟಿಲುಗಳಲ್ಲಿ.

ಕಾಲು ಉಳುಕಿದರೆ ಶೂ ಬಿಚ್ಚದೆ ಅದರ ಮೇಲೇ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಿ. ಬಿಚ್ಚಿದರೆ ಊತಕ್ಕೆ ಮತ್ತೆ ಹಾಕಲು ಬರುವುದಿಲ್ಲ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗಿಸದಂತೆ ಮಲಗಿಸಿ, ಹೊತ್ತುಕೊಂಡೇ ಇಳಿಸಬೇಕು. ಸಿಗ್ನಲ್ ಇಲ್ಲದ ಕಡೆ ಸೀಟಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಚಿರತೆ ಈ ಸುತ್ತಿನ ಗುಡ್ಡಗಳಲ್ಲಿ ಇದ್ದೇ ಇದೆ. ಹಗಲಿನಲ್ಲಿ ಗುಂಪಾಗಿ ನಡೆಯುವವರಿಗೆ ಅದರಿಂದ ತೊಂದರೆ ಅಪರೂಪ. ಮಬ್ಬುಗತ್ತಲಲ್ಲಿ ಒಬ್ಬರೇ ಹಿಂದೆ ಉಳಿಯುವುದು ಬೇಡ.

ಬೇರೆ ಬೆಟ್ಟಗಳು, ಎರಡೆರಡು ಮಾತು

ರೈಲೇ ಬೇಕೆಂದರೆ ರಾಮನಗರ. ಮೈಸೂರು ಮಾರ್ಗದಲ್ಲಿ ಗಾಡಿಗಳು ಹೆಚ್ಚು, ನಿಲ್ದಾಣದಿಂದ ರಾಮದೇವರ ಬೆಟ್ಟಕ್ಕೆ ಆಟೊ ಸಿಗುತ್ತದೆ. ರಣಹದ್ದುಗಳ ಧಾಮವಾದ್ದರಿಂದ ಗೇಟಿನ ಸಮಯ ಪಾಲಿಸಬೇಕು. ನಂದಿಗೆ ಸುಲ್ತಾನ್‌ಪೇಟೆಯ ಹಳೆಯ ಮೆಟ್ಟಿಲ ದಾರಿ ಡಾಂಬರು ರಸ್ತೆಗಿಂತ ಸೊಗಸು. ಚಿಕ್ಕಬಳ್ಳಾಪುರದ ಕಡೆಯ ಬಸ್ಸು ಹಿಡಿಯಿರಿ. ಸಾವನದುರ್ಗಕ್ಕೆ ಮಾಗಡಿ ತನಕ ಬಸ್ಸು ಧಾರಾಳ, ಅಲ್ಲಿಂದ ಮುಂದಿನ ಹತ್ತು ಹನ್ನೆರಡು ಕಿ.ಮೀ ಕಷ್ಟ. ಮೆಟ್ಟಿಲಿಲ್ಲದ ಬೋಳು ಬಂಡೆ, ಮಳೆಗಾಲದಲ್ಲಿ ಬೇಡವೇ ಬೇಡ. ಮಾಕಳಿದುರ್ಗಕ್ಕೆ ಅದೇ ಹೆಸರಿನ ರೈಲು ನಿಲ್ದಾಣವಿದೆ, ಆದರೆ ಹಳಿಯ ಮೇಲೆ ನಡೆದು ಹೋಗುವ ಹಳೆಯ ಚಾಳಿ ಅಪಾಯವೂ ಹೌದು, ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಮಾಕಳಿದುರ್ಗ, ಸ್ಕಂದಗಿರಿಯಂಥ ಅರಣ್ಯ ಇಲಾಖೆಯ ಚಾರಣಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ಎಲ್ಲರ ಗುರುತಿನ ಚೀಟಿಯೂ ಬೇಕು.

ಬಸ್ಸು ತಪ್ಪಿದರೆ

ದಾಬಸ್‌ಪೇಟೆಯಲ್ಲಿ ಕತ್ತಲಾಯಿತು, ಬೆಂಗಳೂರಿನ ಬಸ್ಸು ಯಾವುದೂ ನಿಲ್ಲಿಸುತ್ತಿಲ್ಲ ಎಂದರೆ ಹೆದ್ದಾರಿಗೆ ಇಳಿದು ಕೈ ಅಡ್ಡ ಹಾಕಬೇಡಿ. ವೇಗದಲ್ಲಿ ಬರುವ ಲಾರಿಗೆ ನೀವು ಕಾಣುವುದಿಲ್ಲ. ಸ್ಟಾಪಿನಲ್ಲೇ ನಿಂತು, ಮೆಜೆಸ್ಟಿಕ್ ಎಂದು ಕೇಳುವ ಬದಲು ನೆಲಮಂಗಲ ಎಂದು ಕೇಳಲು ಶುರುಮಾಡಿ. ಸಾದಾ ಬಸ್ಸು, ಪ್ರೈವೇಟ್ ಬಸ್ಸು ಯಾವುದಾದರೂ ಸರಿ. ಆರು ಜನವೂ ಒಂದೇ ಬಸ್ಸಿನಲ್ಲಿ ಹಿಡಿಸದಿದ್ದರೆ ಮೂರು ಮೂರಾಗಿ ಹೋಗಿ, ಪ್ರತಿ ಮೂವರಲ್ಲಿ ಚಾರ್ಜ್ ಇರುವ ಒಂದು ಫೋನಿರಲಿ. ನೆಲಮಂಗಲ ಮುಟ್ಟಿದರೆ ಊರು ಮುಟ್ಟಿದ ಹಾಗೆಯೇ: ಅಲ್ಲಿಂದ ಬಿಎಂಟಿಸಿಯಲ್ಲಿ ಮಾದಾವರ, ಮಾದಾವರದಿಂದ ಮೆಟ್ರೊ. ಹಣದ ಲೆಕ್ಕವನ್ನು ಮೆಟ್ರೊದಲ್ಲಿ ಕೂತಾಗಲೇ ಮುಗಿಸಿ, ಮೆಜೆಸ್ಟಿಕ್‌ನಲ್ಲಿ ಗುಂಪು ಆರು ದಿಕ್ಕಿಗೆ ಚದುರುತ್ತದೆ.